ಅಕ್ಷರದ ಭಾರ

ಮಾತಿಗೆ ತೂಕವಿರಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬರೆದ ಅಕ್ಷರಕ್ಕೂ ತೂಕವುಂಟು, ಅದರ ಸುಂಕವನ್ನು ತೆರಬೇಕಾದವನು ಓದುಗ ಎಂಬುದು ಅಂತರ್ಜಾಲದ ಈ ಕಾಲದಲ್ಲಿ ನಮಗೆ ತಿಳಿದುಬಂದ ಸಂಗತಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ, ತುಂಗಭದ್ರಾ ಜಲಾಶಯದ ಹಿನ್ನೀರಿನ ಸೀಮೆಯ ಊರು. ಈಚೆಗೆ ಅಲ್ಲಿಗೆ ಹೋಗಿದ್ದಾಗ, ನೆಂಟರ ಮನೆಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಪ್ರಕಟಣೆಯೊಂದನ್ನು ಮೊಬೈಲಿನಲ್ಲಿ ತೆರೆಯಲು ಹೆಣಗುತ್ತಿದ್ದಳು. ಅಂಗಳದಲ್ಲಿ ಆಗಲಿಲ್ಲ, ಮಾಳಿಗೆ ಏರಿದಳು, ಅಲ್ಲಿಯೂ ಗಾಲಿ ತಿರುಗುತ್ತಲೇ ಇತ್ತು. “ಮಾಮಾ, ಎರಡು ಪುಟದ ಕಾಗದಕ್ಕೆ ಇಷ್ಟು ಹೊತ್ತು ಯಾಕ್ರಿ?” ಎಂದು ಕೇಳಿದಳು. ಕೊನೆಗೆ ತೆರೆದುಕೊಂಡಾಗ ಕಂಡದ್ದು ಕನ್ನಡದ ಬರಹವಲ್ಲ, ಬರಹದ ಚಿತ್ರ. ಯಾರೋ ಬೆರಳಚ್ಚು ಮಾಡಿ, ಕಾಗದಕ್ಕೆ ಇಳಿಸಿ, ಆ ಕಾಗದದ ಚಿತ್ರ ತೆಗೆದು ಜಾಲಕ್ಕೆ ಏರಿಸಿದ್ದರು. ಅದು ಯಾವ ಕಛೇರಿಯದೆಂದು ಹೇಳುವ ಅಗತ್ಯವಿಲ್ಲ. ಈ ಅಭ್ಯಾಸ ಒಂದೆರಡು ಕಛೇರಿಗಳಿಗೆ ಸೀಮಿತವಲ್ಲ. ಆದರೆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಲೇಬೇಕು.

ಗಣಕಯಂತ್ರವು ಅಕ್ಷರವನ್ನು ಅಂಕೆಯಾಗಿ ಮಾತ್ರ ಅರಿಯುತ್ತದೆ. ಆ ಅಂಕೆಗಳನ್ನು ಅಳೆಯುವ ಮಾನಕ್ಕೆ ಬೈಟ್ ಎಂದು ಹೆಸರು. ೧೯೯೧ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬುವರು ರೂಪಿಸಿದ ಯುಟಿಎಫ್-೮ ಎಂಬ ಪದ್ಧತಿಯೇ ಇಂದು ಜಾಲದಲ್ಲೆಲ್ಲ ರೂಢಿಯಾಗಿದೆ. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ವರ್ಣಕ್ಕೂ ಕಾಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಹಗರಿಬೊಮ್ಮನಹಳ್ಳಿಯ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ೧೮ ಬೈಟ್. ಕನ್ನಡದಲ್ಲಿ ಬರೆದರೆ ೪೫. ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದವನಿಗೆ ಎರಡೂವರೆ ಪಟ್ಟು ಹೊರೆ!

ಇದನ್ನು ಕೇಳಿ ಕನ್ನಡಾಭಿಮಾನಿಗಳು ಕೆರಳಬೇಕಾಗಿಲ್ಲ. ಈ ಹೊರೆಯನ್ನು ಇಳಿಸುವ ಉಪಾಯವೂ ಇದೆ. ಅದಕ್ಕೆ ದತ್ತಾಂಶ ಸಂಕೋಚನವೆಂದು ಹೆಸರು. ಬಳ್ಳಾರಿ ಸೀಮೆಯವರಿಗೆ ಹತ್ತಿಯ ಉದಾಹರಣೆ ಸಾಕು. ಬಿಡಿ ಹತ್ತಿಯನ್ನು ಹೇರಿದರೆ ಗಾಡಿಯೇ ಕಾಣದಷ್ಟು ಎತ್ತರ. ಪ್ರೆಸ್ಸಿನಲ್ಲಿ ಒತ್ತಿ ಬೇಲು ಕಟ್ಟಿದರೆ ಅದೇ ಹತ್ತಿ ಒಂದು ಮೂಲೆಯಲ್ಲಿ ಕುಳಿತೀತು. ದಾರಿಯನ್ನು ಅಗಲಗೊಳಿಸದೆಯೇ ಹೆಚ್ಚು ಸರಕು ಸಾಗಿಸುವ ಬಗೆ ಇದು.

ತಂತಿಯ ಕಾಲವನ್ನು ಕಂಡವರಿಗೆ ಈ ಯುಕ್ತಿ ಹೊಸದಲ್ಲ. ಮೋರ್ಸ್ ಸಂಕೇತದಲ್ಲಿ, ಇಂಗ್ಲಿಷಿನಲ್ಲಿ ಬಹಳವಾಗಿ ಬರುವ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ. ಅಪರೂಪದ ‘ಕ್ಯೂ’ಗೆ ನಾಲ್ಕು ಗುರುತು. ಮದುವೆಗೆ ಶುಭಾಶಯದ ತಂತಿ ಕಳುಹಿಸುವವರು ವಾಕ್ಯವನ್ನು ಬರೆಯಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆ ಇರುತ್ತಿತ್ತು. ತಂತಿಯ ಮೇಲೆ ಸಂಖ್ಯೆ ಹೋಗುತ್ತಿತ್ತು, ಮನೆಗೆ ವಾಕ್ಯ ಬರುತ್ತಿತ್ತು. ೨೦೧೩ರ ಜುಲೈಯಲ್ಲಿ ನಮ್ಮ ದೇಶದ ತಂತಿಸೇವೆ ನಿಂತಿತು. ಅದರ ಯುಕ್ತಿ ನಿಲ್ಲಲಿಲ್ಲ.

೧೯೫೧ರಲ್ಲಿ ಅಮೆರಿಕದ ಎಂ.ಐ.ಟಿ.ಯ ವಿದ್ಯಾರ್ಥಿ ಡೇವಿಡ್ ಹಫ್‌ಮನ್, ಪರೀಕ್ಷೆಗೆ ಕೂಡುವುದರ ಬದಲು ಪ್ರಬಂಧ ಬರೆಯಲು ಒಪ್ಪಿ, ಹೆಚ್ಚು ಬರುವ ಚಿಹ್ನೆಗೆ ಚಿಕ್ಕ ಸಂಕೇತವನ್ನು ಕೊಡುವ ಅತ್ಯುತ್ತಮ ಕ್ರಮವನ್ನು ಕಂಡುಹಿಡಿದ. ಮರುವರ್ಷ ಅದು ಪ್ರಕಟವಾಯಿತು. ೧೯೭೭ರಲ್ಲಿ ಇಸ್ರೇಲಿನ ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಮತ್ತೊಂದು ಮಾರ್ಗ ತೋರಿಸಿದರು: ಒಮ್ಮೆ ಬಂದ ಪದಗುಚ್ಛ ಮತ್ತೆ ಬಂದರೆ ಅದನ್ನು ಪುನಃ ಬರೆಯುವುದು ಬೇಡ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟನ್ನು ತೆಗೆದುಕೊಳ್ಳಿ’ ಎಂದರೆ ಸಾಕು. ಈ ಎರಡು ಮಾರ್ಗಗಳನ್ನೂ ಕೂಡಿಸಿದ ಜಿ-ಜಿಪ್ ೧೯೯೨ರಲ್ಲಿ ಬಂದಿತು. ಇಂದು ಓದುಗನ ಯಂತ್ರವು ಪುಟವನ್ನು ಕೇಳುವಾಗಲೇ ‘ಒತ್ತಿ ಕಳುಹಿಸಿದರೂ ಬಿಚ್ಚಿಕೊಳ್ಳಬಲ್ಲೆ’ ಎಂದು ತಿಳಿಸುತ್ತದೆ. ಒತ್ತುವುದು, ಬಿಡುವುದು ಕಳುಹಿಸುವವನ ಕೈಯಲ್ಲಿದೆ.

ಕನ್ನಡಕ್ಕೆ ಇದರಿಂದ ವಿಶೇಷ ಲಾಭವುಂಟು. ನಮ್ಮ ಅಕ್ಷರದ ಮೂರು ಬೈಟ್‌ಗಳಲ್ಲಿ ಮೊದಲನೆಯದು ಸದಾ ಒಂದೇ. ಎರಡನೆಯದಕ್ಕೆ ಎರಡೇ ರೂಪ. ನಿಜವಾದ ವ್ಯತ್ಯಾಸವೆಲ್ಲ ಮೂರನೆಯದರಲ್ಲಿ. ಸಂತೆಯಲ್ಲಿ ಒಬ್ಬನು ಪ್ರತಿಯೊಂದು ಮಾತಿಗೂ ಮೊದಲು ತನ್ನ ಊರನ್ನೂ ಮನೆತನವನ್ನೂ ಹೇಳಿಕೊಂಡಂತೆ ಇದು. ಒಮ್ಮೆ ಕೇಳಿದ ಮೇಲೆ ಮತ್ತೆ ಕೇಳಬೇಕಾದ ಅಗತ್ಯವೇನು? ಸಂಕೋಚನವು ಈ ಪುನರುಕ್ತಿಯನ್ನು ಕಳೆಯುತ್ತದೆ. ‘ಗಳಲ್ಲಿ’, ‘ಯನ್ನು’, ‘ಎಂಬುದು’ ಎಂದು ಮತ್ತೆಮತ್ತೆ ಬರುವ ನಮ್ಮ ಪದ-ಪ್ರತ್ಯಯಗಳನ್ನೂ ಅಡಗಿಸುತ್ತದೆ. ಮೂರು ಪಟ್ಟಿನ ಹೊರೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಬಿಚ್ಚಿದಾಗ ಒಂದು ಒತ್ತಕ್ಷರವೂ ನಷ್ಟವಾಗಿರುವುದಿಲ್ಲ.

ಚಿತ್ರದ ಸಂಗತಿ ಬೇರೆ. ಜಿನ್ನಿನಲ್ಲಿ ಹತ್ತಿಯ ಬೀಜ ಬೇರ್ಪಡುವಂತೆ, ಚಿತ್ರವನ್ನು ಕುಗ್ಗಿಸುವಾಗ ಕಣ್ಣಿಗೆ ಬೇಡವೆಂದು ತೋರಿದ್ದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮುಖದ ಚಿತ್ರಕ್ಕೆ ಅದು ಸಲ್ಲಬಹುದು. ಅಕ್ಷರದ ಚಿತ್ರಕ್ಕೆ ಸಲ್ಲದು. ಹೆಚ್ಚು ಕುಗ್ಗಿಸಿದರೆ ಒತ್ತು ಮಸುಕಾಗುತ್ತದೆ. ಕುಗ್ಗಿಸದಿದ್ದರೆ ಕೆಲವೇ ಸಾವಿರ ಬೈಟ್‌ಗಳಲ್ಲಿ ಮುಗಿಯುತ್ತಿದ್ದ ಪುಟ ಹಲವು ಲಕ್ಷಕ್ಕೆ ಏರುತ್ತದೆ. ಅದರಲ್ಲಿ ಒಂದು ಪದವನ್ನು ಹುಡುಕುವಂತೆಯೂ ಇಲ್ಲ. ಕುರುಡರಿಗೆ ಓದಿಹೇಳುವ ಯಂತ್ರಕ್ಕೆ ಅದು ಬರಿಯ ಕಲೆ.

ವೇಗದ ಜಾಲ ಹಳ್ಳಿಹಳ್ಳಿಗೂ ಬರುತ್ತಿರುವಾಗ ಈ ಚಿಲ್ಲರೆ ಲೆಕ್ಕವೇಕೆ ಎಂದು ಕೆಲವರು ಕೇಳಬಹುದು. ದಾರಿ ಅಗಲವಾದಷ್ಟೂ ಹೇರುವವರ ಆಸೆಯೂ ಬೆಳೆಯುತ್ತದೆ. ಇಂದು ಜಾಲದ ಬಹುಪಾಲನ್ನು ತುಂಬಿರುವುದು ಚಲಿಸುವ ಚಿತ್ರ. ಬರಹವನ್ನು ಒತ್ತಿದಮಾತ್ರಕ್ಕೆ ಆ ದಟ್ಟಣೆ ಕರಗಲಾರದು, ನಿಜ. ಆದರೆ ಹಂಪಸಾಗರದ ಹುಡುಗಿಗೆ ಅಂದು ಬೇಕಾಗಿದ್ದುದು ಸಿನಿಮಾ ಅಲ್ಲ, ಅರ್ಜಿಯ ಕೊನೆಯ ದಿನಾಂಕ. ಅದು ಬೇಲಿನಂತೆ ಬರಬಹುದಾಗಿತ್ತು. ಬಿಡಿ ಹತ್ತಿಯಂತೆ ಬಂದಿತು.

ಇನ್ನೊಂದು ಮಾತನ್ನೂ ಹೇಳಬೇಕು. ೨೦೧೫ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಬ್ರಾಟ್ಲಿ ಎಂಬ ಸಂಕೋಚನ ಕ್ರಮವು, ಶುಭಾಶಯದ ತಂತಿಯ ಪಟ್ಟಿಯಂತೆ, ಸುಮಾರು ೧೩ ಸಾವಿರ ಪದ-ಪದಾಂಶಗಳ ನಿಘಂಟೊಂದನ್ನು ತನ್ನೊಳಗೇ ಇಟ್ಟುಕೊಂಡಿದೆ. ಇಂಗ್ಲಿಷ್, ಸ್ಪ್ಯಾನಿಷ್, ಚೀನಿ, ಹಿಂದಿ, ರಷ್ಯನ್, ಅರಬ್ಬಿ ಭಾಷೆಗಳಿಂದ ಅದು ಪದಗಳನ್ನು ಆಯ್ದಿದೆ. ಕನ್ನಡ ಆ ಸಾಲಿನಲ್ಲಿಲ್ಲ. ಆದರೆ ಪ್ರಕಾಶಕರು ತಮ್ಮದೇ ನಿಘಂಟನ್ನು ಓದುಗನ ಯಂತ್ರಕ್ಕೆ ಒದಗಿಸಿ, ಅದರ ನೆರವಿನಿಂದ ಪುಟಗಳನ್ನು ಒತ್ತಿ ಕಳುಹಿಸುವ ವಿಧಾನವೂ ಈಗ ರೂಪುಗೊಂಡಿದೆ. ಕನ್ನಡದಲ್ಲಿ ಮತ್ತೆಮತ್ತೆ ಬರುವ ಪದ-ಪ್ರತ್ಯಯಗಳನ್ನು ಆಯ್ದುಕೊಡುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಅಸಾಧ್ಯವಾದ ಕೆಲಸವೇ? ವ್ಯಾಕರಣ ಬಲ್ಲವರೂ ಗಣಿತ ಬಲ್ಲವರೂ ಒಂದೆಡೆ ಕುಳಿತರೆ ಸಾಕು.

ಕನ್ನಡವನ್ನು ಕನ್ನಡದ ಅಕ್ಷರವಾಗಿಯೇ ಕಳುಹಿಸಿ, ಒತ್ತಿ ಕಳುಹಿಸಿ. ಜಾಲದಲ್ಲಿ ಪ್ರಕಟಿಸುವ ಕಛೇರಿ, ಶಾಲೆ, ಪತ್ರಿಕೆಗಳಲ್ಲಿ ನಮ್ಮ ವಿನಂತಿ ಇಷ್ಟೆ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಕಾದುದು ಓದುಗನ ನೆನಪು. ಮಾಳಿಗೆಯ ಮೇಲೆ ಕೈಯೆತ್ತಿ ನಿಂತ ಹುಡುಗಿಗೆ ಇನ್ನು ಭಾಷಾಭಿಮಾನದ ಭಾಷಣ ಬೇಡ. ಅಂಗಳದಲ್ಲಿ ಕುಳಿತಿರುವಾಗಲೇ ಅವಳ ಕನ್ನಡ ಅವಳ ಕೈ ಸೇರಲಿ.