ಮೂರನೆಯ ತಂತಿ

ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಮುಂದಿನ ಅಳಿವೆಯಿಂದ ಒಳಬರುವ ಹಾಯಿದೋಣಿಗಳಿಗೆ ಬೋಲ್ಗಾಟಿ ದ್ವೀಪದ ಮರೀನಾದಲ್ಲಿ ತಂಗಲು ಜಾಗವಿದೆ. ಅಲ್ಲಿ ನೀರಿನ ಜೊತೆಗೆ ದಡದ ಕರೆಂಟೂ ಸಿಗುತ್ತದೆ. ಆ ಕರೆಂಟನ್ನು ಹಳೆಯ ದೋಣಿಗೆ ಎಳೆಯುವ ‘ಸರಳ’ ದಾರಿ ಎಂದು ದೋಣಿಯವರ ನಡುವೆ ಓಡಾಡುವ ಒಂದು ಉಪಾಯವಿದೆ: ಅರ್ಥ್ ತಂತಿ ಕತ್ತರಿಸಿಬಿಡಿ. ಇದು ಸರಳತೆಯಲ್ಲ, ಅಪರಾಧ.

ಕತ್ತರಿಸುವವರ ವಾದ ಪೂರ್ತಿ ಪೊಳ್ಳಲ್ಲ. ಕಟ್ಟೆಗೆ ಪ್ಲಗ್ ಹಾಕಿದ ದೋಣಿಗಳೆಲ್ಲ ಆ ಒಂದು ತಂತಿಯಿಂದ ಬೆಸೆದುಕೊಳ್ಳುತ್ತವೆ. ಅವುಗಳ ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಸೇರಿ ದೊಡ್ಡದೊಂದು ಬ್ಯಾಟರಿಯಂತಾಗುತ್ತವೆ. ತಳದ ಸತುವಿನ ತುಂಡು ಬೇಗ ಸವೆಯುತ್ತದೆ, ಆಮೇಲೆ ಪ್ರೊಪೆಲ್ಲರಿನ ಸರದಿ. ಆದರೆ ಇದಕ್ಕೆ ಮದ್ದು ಗ್ಯಾಲ್ವನಿಕ್ ಐಸೊಲೇಟರ್, ಕತ್ತರಿಯಲ್ಲ. ಸವೆತ ತರುವ ಸಣ್ಣ ವೋಲ್ಟೇಜನ್ನು ಅದು ತಡೆಯುತ್ತದೆ, ಅಪಾಯದ ಕರೆಂಟನ್ನು ದಡಕ್ಕೆ ಹೋಗಲು ಬಿಡುತ್ತದೆ.

ಅರ್ಥ್ ಇಲ್ಲದ ದೋಣಿಯಲ್ಲಿ ಚಾರ್ಜರ್ ಕೆಟ್ಟರೆ ಕರೆಂಟು ಎಂಜಿನ್, ಪ್ರೊಪೆಲ್ಲರ್ ಮೂಲಕ ನೀರಿಗೆ ಇಳಿಯಬಹುದು. ಕೊಚ್ಚಿಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಮಳೆಗಾಲದಲ್ಲಿ ನದಿಗಳು ತುಂಬಿ ಬಂದು ಇಲ್ಲಿನ ಹಿನ್ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಉಪ್ಪುನೀರು ಮನುಷ್ಯನ ಮೈಗಿಂತ ಚೆನ್ನಾಗಿ ಕರೆಂಟು ಹಾಯಿಸುತ್ತದೆ. ಸಿಹಿನೀರಿನಲ್ಲಿ ಮೈಯೇ ಸುಲಭದ ದಾರಿ. ಈಜುವವನ ಸ್ನಾಯುಗಳು ಸೆಟೆದು, ಕೂಗಲೂ ಆಗದೆ ಮುಳುಗುತ್ತಾನೆ. ಕಡಲು ಕೆರಳಿ ದೋಣಿಗಳು ತಿಂಗಳುಗಟ್ಟಲೆ ಕಟ್ಟೆಗೆ ಅಂಟಿಕೊಂಡಿರುವ ಕಾಲವೂ ಅದೇ.

ಹಾಗಾದರೆ ನಿಜವಾದ ಸರಳ ದಾರಿ ಯಾವುದು? ದಡದ ಕರೆಂಟಿಗೆ ಒಂದೇ ಕೆಲಸ ಕೊಡುವುದು: ಬ್ಯಾಟರಿ ತುಂಬುವುದು. ದೀಪ, ಫ್ಯಾನು, ಪಂಪು ಎಲ್ಲವೂ 12 ವೋಲ್ಟಿನಲ್ಲೇ ಓಡಲಿ. 20 ಆಂಪಿಯರಿನ ಚಾರ್ಜರ್ ಎಳೆಯುವುದು ಸುಮಾರು 300 ವ್ಯಾಟ್, ಅಡುಗೆಮನೆಯ ಮಿಕ್ಸಿಯಷ್ಟೂ ಇಲ್ಲ. ಹಳೆಯ ಅಮೆರಿಕನ್ ದೋಣಿಯ 120 ವೋಲ್ಟಿನ ವೈರಿಂಗನ್ನು ನಮ್ಮ 230 ವೋಲ್ಟಿಗೆ ಹೊಂದಿಸುವ ಗೋಜೂ ಬೇಡ. ಅದನ್ನು ಮುಟ್ಟದೆ, 230 ವೋಲ್ಟಿನ ಚಾರ್ಜರಿಗೆ ಬೇರೆಯೇ ಒಂದು ಲೈನ್ ಎಳೆದರೆ ಸಾಕು. ಬೇಕಾದ್ದು ಇಷ್ಟೇ: ಹೊರಗಿನ ಬಳಕೆಗೆಂದೇ ಮಾಡಿದ ಮೂರು ತಂತಿಯ ಕೇಬಲ್, ಅದು ದೋಣಿಯೊಳಗೆ ಬರುವ ಜಾಗದ ಹತ್ತಿರವೇ ಬ್ರೇಕರ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಐಸೊಲೇಟರ್, ಚಾರ್ಜರ್. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಇಷ್ಟಕ್ಕೂ ದುಡ್ಡಿಲ್ಲ ಎನ್ನುವವರು ಸೋಲಾರ್ ಫಲಕ ಹಾಕಿಕೊಂಡು ದಡದ ಪ್ಲಗ್ಗನ್ನೇ ಮರೆಯಲಿ. ವೈಕ್ಕಂನಲ್ಲಿ ‘ಆದಿತ್ಯ’ ಎಂಬ ದೋಣಿ 2017ರಿಂದ 75 ಪ್ರಯಾಣಿಕರನ್ನು ಹೆಚ್ಚಾಗಿ ಬಿಸಿಲಿನ ಬಲದಲ್ಲೇ ದಾಟಿಸುತ್ತಿದೆ. ಒಂದು ಹಾಯಿದೋಣಿಯ ದೀಪಕ್ಕೆ ಆ ಬಿಸಿಲು ಸಾಲದೇ?

ಸರಳ ಮಾಡುವುದೆಂದರೆ ಉಪಕರಣ ಕಡಿಮೆ ಮಾಡುವುದು, ತಂತಿಯನ್ನಲ್ಲ. ಕತ್ತರಿಸಿದ ಅರ್ಥ್ ಉಳಿಸುವುದು ದೋಣಿಯವನ ಸತುವನ್ನು. ಅದರ ಬೆಲೆ ಕೊಡುವವನು ಪಕ್ಕದಲ್ಲಿ ನೀರಿಗಿಳಿದವನು.