ಉಬ್ಬುತಗ್ಗಿನ ಅಂಗಳಕ್ಕೆ ಹುಲ್ಲಿನ ಮಿಷನ್: ತಳ್ಳುವವರು ಯಾರು ಎಂದು ಮೊದಲು ಕೇಳಿ

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಈಚಿನ ವರ್ಷಗಳಲ್ಲಿ ಎದ್ದ ಮನೆಗಳಲ್ಲಿ ಒಂದು ಹೊಸ ಸಾಮಾನು ಕಾಣಸಿಗುತ್ತದೆ. ಕಾರ್ ಶೆಡ್ಡಿನ ಮೂಲೆಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿರುವ ಹುಲ್ಲು ಕತ್ತರಿಸುವ ಮಿಷನ್, ಅಂದರೆ ಲಾನ್ ಮೂವರ್. ಮಗ ದುಬೈಯಲ್ಲೋ ದಮಾಮಿನಲ್ಲೋ ಕೂತು ಮೊಬೈಲಿನಲ್ಲಿ ಆರಿಸಿ ಕಳುಹಿಸಿದ್ದು. ಒಂದು ಮಳೆಗಾಲ ಓಡಿರುತ್ತದೆ, ಎರಡನೇ ಮಳೆಗಾಲಕ್ಕೆ ಮೂಲೆ ಸೇರಿರುತ್ತದೆ. ಮೂವರ್ ತಳ್ಳಲು ಮೂವರು ಬೇಕು ಎಂಬ ತಮಾಷೆ ನಮ್ಮ ಅಂಗಡಿಯಲ್ಲಿ ಈಗ ಹಳತಾಗಿದೆ.

ಉಪ್ಪನ ಅಂಗಡಿಯಲ್ಲಿ ಕತ್ತಿ, ಹಾರೆ, ಪಿಕಾಸಿ, ಪೈಪುಗಳ ವ್ಯಾಪಾರ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು ಎಂಬ ಕಾರಣಕ್ಕೆ ಸಣ್ಣ ಎಂಜಿನುಗಳ ರಿಪೇರಿ ನನ್ನ ಪಾಲಿಗೆ ಬಂದಿದೆ. ಹಾಗೆ ಬರುವ ಮೂವರ್‌ಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ರೋಗವೇನೂ ಇರುವುದಿಲ್ಲ. ಬ್ಲೇಡು ಕಲ್ಲಿಗೆ ಬಡಿದು ಬಾಗಿರುತ್ತದೆ, ಅಥವಾ ಸ್ಟಾರ್ಟ್ ಮಾಡುವ ಹಗ್ಗ ಎಳೆಯಲು ಮನೆಯಲ್ಲಿ ಜನ ಇರುವುದಿಲ್ಲ. ಆರಿಸಿದವರು ಒಬ್ಬರು, ತಳ್ಳುವವರು ಇನ್ನೊಬ್ಬರು. ತೊಂದರೆಯ ಬೇರು ಅಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಅಂಗಳ ಹೇಗಿದೆ, ಆ ಅಂಗಳದಲ್ಲಿ ಮಿಷನ್ ಹಿಡಿದು ನಡೆಯುವವರು ಯಾರು, ಈ ಎರಡು ವಿಷಯ ಗೊತ್ತಾಗದೆ ಎಂಜಿನಿನ ಸಿಸಿ ನೋಡಿ ಪ್ರಯೋಜನವಿಲ್ಲ.

ನೆಲದ ಮಾತು ಮೊದಲು. ನಮ್ಮದು ಮುರಕಲ್ಲಿನ ನಾಡು. ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎನ್ನುವ ಆ ಹೆಸರನ್ನು 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದೇ ನಮ್ಮ ಕೆಳಗಿನ ಮಲಬಾರಿನ ಕಲ್ಲು ನೋಡಿ. ಗುಡ್ಡೆಯ ಬದಿಯನ್ನು ಜೆಸಿಬಿಯಿಂದ ಕಡಿದು, ಮೇಲಿನ ಮಣ್ಣನ್ನು ಕೆಳಗೆ ತುಂಬಿಸಿ ಮನೆ ಕಟ್ಟುತ್ತೇವೆ. ಕಡಿದ ಬದಿಯಲ್ಲಿ ಮುರಕಲ್ಲಿನ ಮೊಟ್ಟೆಗಳು ತಲೆ ಎತ್ತಿರುತ್ತವೆ, ತುಂಬಿಸಿದ ಬದಿ ಮಳೆಗೆ ಅಲ್ಲಲ್ಲಿ ಕುಸಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ಬೀಳುವ ಊರಲ್ಲಿ ಹೊಸ ಮಣ್ಣು ಒಂದೇ ಸಮ ಕೂರುವುದಿಲ್ಲ. ಅದರ ಮೇಲೆ ತೆಂಗಿನ ಕಟ್ಟೆ, ನೀರಿನ ಪೈಪಿಗೆ ತೋಡಿದ ಚರಂಡಿ, ಹೆಗ್ಗಣದ ಬಿಲ. ನರ್ಸರಿಯವರು ಹುಲ್ಲಿನ ಹಾಸು ತಂದು ಹಾಸುವಾಗ ಎಲ್ಲ ಚಂದ ಕಾಣುತ್ತದೆ. ಹಾಸಿನ ಕೆಳಗೆ ಉಬ್ಬುತಗ್ಗು ಹಾಗೇ ಇರುತ್ತದೆ.

ಇಂಥ ನೆಲಕ್ಕೆ ಎಂಜಿನ್ ಇಲ್ಲದ, ಕೈಯಿಂದ ತಳ್ಳುವ ಸಿಲಿಂಡರ್ ಮೂವರ್ ತರಬೇಡಿ. ಅದರ ಕೆಲಸ ಕತ್ತರಿಯ ಹಾಗೆ. ಸುರುಳಿಯಾಗಿ ಬಾಗಿದ ಬ್ಲೇಡುಗಳು ತಿರುಗಿ, ಕೆಳಗಿನ ಸ್ಥಿರವಾದ ಪಟ್ಟಿಗೆ ತಾಗಿ ಹುಲ್ಲು ಕತ್ತರಿಸುತ್ತವೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವರು 1830ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಣ್ಣೆ ಬಟ್ಟೆಯ ಮೇಲಿನ ನೂಲಿನ ಜುಂಗು ಕತ್ತರಿಸುವ ಗಿರಣಿ ಯಂತ್ರ ನೋಡಿ ಹೊಳೆದ ವಿಚಾರವಂತೆ. ಸಪಾಟಾದ ಬಟ್ಟೆಯಿಂದ ಹುಟ್ಟಿದ ಯಂತ್ರ ಸಪಾಟಾದ ನೆಲವನ್ನೇ ಕೇಳುತ್ತದೆ. ಹಗುರ, ಸದ್ದಿಲ್ಲ, ಪೆಟ್ರೋಲು ಬೇಡ, ಎಲ್ಲ ಸರಿ. ಆದರೆ ಒಂದು ಸಣ್ಣ ಕಲ್ಲು ಸಿಕ್ಕಿದರೆ ಗಕ್ಕೆಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಹುಲ್ಲು ಮೊಣಕಾಲಿನವರೆಗೆ ಬಂದರೆ ಅದನ್ನು ಕತ್ತರಿಸದೆ ಮಲಗಿಸಿ ಮುಂದೆ ಹೋಗುತ್ತದೆ.

ಉಳಿಯುವುದು ರೋಟರಿ. ಮುಚ್ಚಳದ ಅಡಿಯಲ್ಲಿ ಫ್ಯಾನಿನ ಹಾಗೆ ಅಡ್ಡಲಾಗಿ ಒಂದು ಬ್ಲೇಡು ತಿರುಗುತ್ತದೆ. ಇದರಲ್ಲಿ ನೋಡಬೇಕಾದ್ದು ಚಕ್ರ. ಅಂಗಡಿಯ ಟೈಲ್ಸಿನ ಮೇಲೆ ಎಲ್ಲ ಚಕ್ರವೂ ಒಂದೇ ರೀತಿ ಉರುಳುತ್ತದೆ, ಹಾಗಾಗಿ ಯಾರೂ ಅದನ್ನು ಕೇಳುವುದಿಲ್ಲ. ಒಂದು ಇಂಚು ಎತ್ತರದ ಕಲ್ಲು ಅಡ್ಡ ಬಂತು ಎಂದಿಟ್ಟುಕೊಳ್ಳಿ. 6 ಇಂಚು ವ್ಯಾಸದ ಚಕ್ರವನ್ನು ಅದರ ಮೇಲೆ ಹತ್ತಿಸಲು, ಆ ಚಕ್ರದ ಮೇಲೆ ಬಿದ್ದಿರುವ ಭಾರದ ಸುಮಾರು 1.1 ಪಟ್ಟು ಬಲದಿಂದ ತಳ್ಳಬೇಕು. ಅಂದರೆ ಎತ್ತಿ ದಾಟಿಸುವುದೇ ವಾಸಿ. 10 ಇಂಚಿನ ಚಕ್ರಕ್ಕೆ ಭಾರದ ಮುಕ್ಕಾಲು ಪಾಲು ಸಾಕು. ಡಿಪ್ಲೊಮಾದ ಮೊದಲ ವರ್ಷದಲ್ಲಿ ರೋಲರ್ ಮತ್ತು ಮೆಟ್ಟಿಲಿನ ಲೆಕ್ಕ ಎಂದು ಬರುತ್ತದೆ, ಮಾಡಿದವರಿಗೆ ನೆನಪಿರಬಹುದು. ಹಿಂದಿನ ಚಕ್ರವಾದರೂ ದೊಡ್ಡದಿರುವ ಮಿಷನ್ ನಮ್ಮ ನೆಲಕ್ಕೆ ಒಳ್ಳೆಯದು. ತಾನೇ ಮುಂದೆ ಹೋಗುವ ಜಾತಿಯದ್ದಾದರೆ ಎಂಜಿನಿನ ಎಳೆತ ಹಿಂದಿನ ಚಕ್ರಕ್ಕೆ ಇರಲಿ. ಮುಂದಿನ ಚಕ್ರದ ಎಳೆತದ್ದು ಪ್ರತಿ ಉಬ್ಬಿನಲ್ಲೂ ಮೂತಿ ಎತ್ತಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ.

ಎರಡನೆಯದು ಅಗಲ. ಅಗಲ ಹೆಚ್ಚಿದಷ್ಟು ಕೆಲಸ ಬೇಗ ಮುಗಿಯುತ್ತದೆ ಎಂದು 21 ಇಂಚಿನದ್ದನ್ನೇ ಆರಿಸುತ್ತಾರೆ. ಲೆಕ್ಕ ಹಾಕಿ ನೋಡಿ. 5 ಸೆಂಟ್ಸ್ ಹುಲ್ಲುಹಾಸು ಎಂದರೆ ಸುಮಾರು 200 ಚದರ ಮೀಟರ್. 16 ಇಂಚಿನ ಮಿಷನ್ ಹಿಡಿದರೆ, ಸಾಲಿನ ಮೇಲೆ ಸಾಲು ಸ್ವಲ್ಪ ಸೇರಿಸಿಕೊಂಡು ಹೋದರೆ, ಒಟ್ಟು ನಡಿಗೆ 570 ಮೀಟರ್. 21 ಇಂಚಿನದಾದರೆ 420 ಮೀಟರ್. ಉಳಿದದ್ದು 150 ಮೀಟರ್ ನಡಿಗೆ, ಪಳ್ಳಿಗೆ ಹೋಗಿ ಬಂದಷ್ಟೂ ಇಲ್ಲ. ಅದಕ್ಕಾಗಿ ಹೆಚ್ಚು ಭಾರ ತಳ್ಳಬೇಕು. ಚಕ್ರಗಳ ನಡುವಿನ ಅಂತರ ಹೆಚ್ಚಾದಷ್ಟು ಮಧ್ಯದ ಉಬ್ಬು ಬ್ಲೇಡಿಗೆ ಸಿಕ್ಕಿ ಹುಲ್ಲು ಬೇರು ಸಮೇತ ಬೋಳಾಗುತ್ತದೆ.

ಇದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು. ಎರಡಡಿ ಉದ್ದದ ನೇರವಾದ ರೀಪು ತೆಗೆದುಕೊಂಡು ಅಂಗಳದ ಕೆಟ್ಟ ಉಬ್ಬುಗಳ ಮೇಲೆ ಅಡ್ಡ ಇಡಿ. ರೀಪು ಮಟ್ಟಕ್ಕೆ ನಿಂತಾಗ ಅದರ ಎರಡು ತುದಿಗಳ ಕೆಳಗೆ ಎಷ್ಟು ಸಂದು ಉಳಿಯುತ್ತದೋ, ಬ್ಲೇಡಿನ ಎತ್ತರ ಅದಕ್ಕಿಂತ ಮೇಲಿರಬೇಕು. ಸಂದು ಎರಡು ಇಂಚಾದರೆ ಎರಡೂವರೆ, ಮೂರು ಇಂಚಿಗೆ ಏರಿಸಲು ಬರುವ ಮಿಷನ್ ಬೇಕು. ಸಂದು ನಾಲ್ಕು ಇಂಚು ಇದ್ದರೆ ಮಿಷನಿನ ಮಾತು ಆ ವರ್ಷಕ್ಕೆ ಬಿಟ್ಟು ಮಣ್ಣು ತರಿಸಿ.

ಇನ್ನು ತಳ್ಳುವವರು. ನಮ್ಮ ಎಷ್ಟೋ ಮನೆಗಳಲ್ಲಿ ವರ್ಷದ ಹನ್ನೊಂದು ತಿಂಗಳು ಇರುವವರು ಉಮ್ಮ, ಸೊಸೆ, ಶಾಲೆಗೆ ಹೋಗುವ ಮಕ್ಕಳು. ಪೆಟ್ರೋಲ್ ಮೂವರ್ ಎಂದರೆ 30 ಕಿಲೋ ಆಸುಪಾಸು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಎಣ್ಣೆ ನೋಡಬೇಕು. ಎರಡು ತಿಂಗಳು ನಿಲ್ಲಿಸಿದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಕಟ್ಟುತ್ತದೆ. ಸೊಂಟನೋವಿನ ಉಮ್ಮನಿಗೆ ಇದನ್ನು ಕಳುಹಿಸಿ, ಫೋನಿನಲ್ಲಿ ‘ಉಮ್ಮಾ, ಬಳಸುತ್ತಾ ಇದ್ದೀರಾ?’ ಎಂದು ಕೇಳಿದರೆ ಅವರು ಹೌದು ಎಂದೇ ಹೇಳುತ್ತಾರೆ. ಮಗ ದುಡ್ಡು ಕೊಟ್ಟು ಕಳುಹಿಸಿದ್ದಲ್ಲವೇ. ಆಮೇಲೆ ದಿನಕೂಲಿಯವರನ್ನು ಕರೆದು ಕತ್ತಿಯಲ್ಲಿ ಹೆರೆಸುತ್ತಾರೆ. ನಾಲ್ಕೈದು ಸೆಂಟ್ಸ್ ಒಳಗಿನ ಹುಲ್ಲಿಗೆ ಬ್ಯಾಟರಿಯ ಸಣ್ಣ ಮೂವರ್ ಇರಲಿ ಎಂದು ನಾನು ಹೇಳುವುದು ಇದಕ್ಕಾಗಿ. ಭಾರ ಅರ್ಧದಷ್ಟು, ಗುಂಡಿ ಒತ್ತಿದರೆ ಓಡುತ್ತದೆ, ಕರೆಂಟು ಇದ್ದಾಗ ಚಾರ್ಜ್ ಮಾಡಿಟ್ಟರೆ ಆಯಿತು. ಕ್ರಯ ಹೆಚ್ಚು, ವರ್ಷಗಳ ಮೇಲೆ ಬ್ಯಾಟರಿ ಬದಲಿಸಬೇಕು, ಅದೂ ನಿಜ. ಆದರೂ ಮೂಲೆಯಲ್ಲಿ ನಿಂತ ಅಗ್ಗದ ಮಿಷನಿಗಿಂತ ಓಡುವ ದುಬಾರಿ ಮಿಷನ್ ಅಗ್ಗ. ವಯರಿನದ್ದು ಮಾತ್ರ ಬೇಡ. ಒದ್ದೆ ಹುಲ್ಲಿನಲ್ಲಿ ವಯರಿನ ಮೇಲೆ ಬ್ಲೇಡು ಹಾಯ್ದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಬಳಸುವಾಗ ನೆನಪಿಡಬೇಕಾದದ್ದು ವೇಗ. 18 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 250 ಕಿಲೋಮೀಟರ್ ಮೀರಿ ಓಡುತ್ತಿರುತ್ತದೆ. ಮುರಕಲ್ಲಿನ ಚೂರು, ಗೆರಟೆಯ ತುಂಡು, ಮಕ್ಕಳು ಬಿಟ್ಟ ಗೋಲಿ ಅದಕ್ಕೆ ಸಿಕ್ಕಿದರೆ ಗುಂಡಿನ ಹಾಗೆ ಹಾರುತ್ತದೆ. ಮೊದಲು ಅಂಗಳವಿಡೀ ಒಂದು ಸುತ್ತು ನಡೆದು ಮಡಲು, ಕೊತ್ತಳಿಗೆ, ಕಲ್ಲು ಹೆಕ್ಕಿ. ಮಕ್ಕಳು ಮನೆಯೊಳಗಿರಲಿ, ಕಾಲಿಗೆ ಹವಾಯಿ ಚಪ್ಪಲಿ ಬೇಡ, ಬೂಟು ಹಾಕಿ. ಇಳಿಜಾರಿನಲ್ಲಿ ಅಡ್ಡಕ್ಕೆ ನಡೆಯಿರಿ. ಮೇಲೆ ಕೆಳಗೆ ತಳ್ಳಿದರೆ ಜಾರಿದಾಗ ಮಿಷನ್ ನಿಮ್ಮ ಮೇಲೆ ಬರುತ್ತದೆ, ಇಲ್ಲ ನೀವು ಅದರ ಮೇಲೆ ಹೋಗುತ್ತೀರಿ. ಹಿಡಿಯಲ್ಲಿ ಕೈ ಬಿಟ್ಟರೆ ಬ್ಲೇಡು ನಿಲ್ಲಿಸುವ ಒಂದು ಲಿವರ್ ಇರುತ್ತದೆ. ಕೈ ನೋಯುತ್ತದೆಂದು ಅದನ್ನು ಹಗ್ಗದಲ್ಲಿ ಬಿಗಿದು ಕಟ್ಟಿದ ಮಿಷನ್‌ಗಳನ್ನು ನಾನು ಕಂಡಿದ್ದೇನೆ. ಹಗ್ಗ ಬಿಚ್ಚದೆ ನಾನು ರಿಪೇರಿ ಮಾಡುವುದಿಲ್ಲ. ಅಡಿಯ ಹುಲ್ಲು ಕೆರೆಯುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವಯರು ಕಳಚಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿಡಿ.

ಒಂದೇ ಸಲಕ್ಕೆ ಗಿಡ್ಡ ಮಾಡಲು ಹೋಗಬೇಡಿ. ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಿದರೆ ಅದು ಹಳದಿಯಾಗುತ್ತದೆ, ಸಂದಿನಲ್ಲಿ ನಾಚಿಕೆಮುಳ್ಳು ಏಳುತ್ತದೆ. ಜೂನ್, ಜುಲೈಯಲ್ಲಿ ಮಳೆ ಬಿಟ್ಟ ಮಧ್ಯಾಹ್ನ ನೋಡಿ, ಎಂಟು ಹತ್ತು ದಿನಕ್ಕೊಮ್ಮೆ ಮೇಲಿಂದ ಮೇಲೆ ಕತ್ತರಿಸುತ್ತಾ ಹೋಗುವುದು ಸುಲಭ.

ತಗ್ಗು ತುಂಬಿಸುವುದೂ ಹಾಗೆಯೇ ನಿಧಾನದ ಕೆಲಸ. ಮರಳು ಮತ್ತು ಜರಡಿ ಹಿಡಿದ ಮಣ್ಣು ಬೆರೆಸಿ ಅರ್ಧ ಇಂಚಿನಷ್ಟು ಹರಡಿ, ಹುಲ್ಲಿನ ತುದಿ ಕಾಣುವಂತೆ ಹಿಡಿಸೂಡಿಯಲ್ಲಿ ಎಳೆಯಿರಿ. ಹುಲ್ಲು ಮೇಲೆ ಬಂದ ಮೇಲೆ ಇನ್ನೊಂದು ಅರ್ಧ ಇಂಚು. ಎದ್ದು ನಿಂತ ಮುರಕಲ್ಲನ್ನು ಮಾತ್ರ ಹಾಗೇ ಬಿಟ್ಟು ಸುತ್ತ ಎರಡು ಹೂವಿನ ಗಿಡ ನೆಟ್ಟುಬಿಡಿ, ಮಿಷನ್ ಸುತ್ತಿ ಹೋಗುತ್ತದೆ.

ದರೆಯ ಬದಿ, ತೆಂಗಿನ ಬುಡ, ಕಂಪೌಂಡಿನ ಅಂಚಿಗೆ ಮೂವರ್ ಬೇಡವೇ ಬೇಡ. ಅಲ್ಲಿ ಹೆಗಲಿಗೆ ತೂಗುಹಾಕುವ ಬ್ರಷ್ ಕಟ್ಟರ್ ಬೇಕು, ಅದಕ್ಕೆ ಗೊತ್ತಿರುವವರನ್ನು ಕರೆಯಿರಿ. ಅದು ಓಡುವಾಗ ಸುತ್ತ 15 ಮೀಟರಿನೊಳಗೆ ಯಾರೂ ನಿಲ್ಲಬಾರದು ಎಂದು ಅದರ ಪುಸ್ತಕದಲ್ಲೇ ಬರೆದಿರುತ್ತದೆ. ಈ ಕಾಟವೇ ಬೇಡವೆಂದು ಕಳೆನಾಶಕ ಹೊಡೆಸುವವರೂ ಇದ್ದಾರೆ. ನಮ್ಮದೇ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಅದು ಕೀಟನಾಶಕ, ಇದು ಕಳೆನಾಶಕ, ಎರಡೂ ಒಂದೇ ಅಲ್ಲ ಎಂದು ಗೊತ್ತು. ಆದರೂ ಎಣ್ಮಕಜೆಯ ಪಕ್ಕದಲ್ಲಿ ಬದುಕಿದ ನಾವು, ಬಾವಿಯಿಂದ ಹತ್ತು ಮಾರು ದೂರದಲ್ಲಿ ಬರೀ ಹುಲ್ಲಿಗಾಗಿ ವಿಷ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಈಚೆಗೆ ಪಳ್ಳಿ ಕಮಿಟಿಯವರೂ ಬಂದು ಖಬರಸ್ಥಾನಕ್ಕೆ ಮೂವರ್ ಆಗುತ್ತದೆಯೇ ಎಂದು ಕೇಳುತ್ತಾರೆ. ಆಗುವುದಿಲ್ಲ. ಸಾಲು ಸಾಲು ದಿಬ್ಬ, ನಡುವೆ ಮೀಸಾನ್ ಕಲ್ಲು, ಅದಕ್ಕಿಂತ ಕೆಟ್ಟ ಉಬ್ಬುತಗ್ಗು ಎಲ್ಲಿದೆ? ಕಬರಿನ ಮೇಲಿನ ಹಸಿ ಹುಲ್ಲು ಕೀಳಬಾರದು ಎಂದು ಶಾಫಿ ಮದ್‌ಹಬಿನ ಉಲಮಾಗಳು ಹೇಳುತ್ತಾ ಬಂದಿದ್ದಾರೆ, ಆ ವಿಷಯ ಉಸ್ತಾದರಲ್ಲಿ ಕೇಳಿಕೊಳ್ಳಿ. ಝಿಯಾರತಿಗೆ ಹೋಗುವವರ ಕಾಲಿಗೆ ಹಾವು ಸಿಗದಂತೆ ದಾರಿಯ ಹುಲ್ಲು ತೆಗೆದರೆ ಸಾಕು. ಅದಕ್ಕೆ ಕಟ್ಟರಿಗೆ ಕಬ್ಬಿಣದ ಬ್ಲೇಡು ಬಿಟ್ಟು ನೈಲಾನ್ ದಾರ ಹಾಕಿಸಿ. ಕಲ್ಲಿಗೆ ತಾಗಿದರೆ ಸವೆಯುವುದು ದಾರ. ಮೂವರ್‌ಗೆಂದು ಇಟ್ಟ ದುಡ್ಡಿನಲ್ಲಿ, ಮಳೆಯಲ್ಲಿ ನಿಂತು ಅದನ್ನು ಹೆರೆಯುವ ಮನುಷ್ಯನಿಗೆ ಮೊಣಕಾಲಿನವರೆಗೆ ಬರುವ ಒಂದು ಜೊತೆ ಬೂಟು, ಕಣ್ಣಿಗೊಂದು ಕನ್ನಡಕ ತೆಗೆಸಿಕೊಡಿ.