ಮಿದುಳಿಗೆ ಮುಟ್ಟುವ ಮುನ್ನ ಕಳೆದುಹೋಗುವ ದಿನಗಳು

ಮಂಗಳೂರಿನ ಬೆಂಗ್ರೆಯ ಮಗುವೊಂದಕ್ಕೆ ಜ್ವರ ಬಂದು ವಾರವಾದರೂ ಬಿಡಲಿಲ್ಲವೆಂದರೆ ಮನೆಯವರೂ ವೈದ್ಯರೂ ಮೊದಲು ಕೇಳುವುದು ಮಲೇರಿಯಾವೋ, ಡೆಂಗಿಯೋ ಎಂದು. ಕೇಳಬೇಕಾದದ್ದೇ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಎಷ್ಟೋ ವರ್ಷ ಮಂಗಳೂರಿನದ್ದೇ ಆಗಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದರೆ ಡೆಂಗಿಯ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಬಿಡದ ಜ್ವರ, ಬಿಳಿಚಿದ ಮುಖ, ಇಳಿದ ಪ್ಲೇಟ್‌ಲೆಟ್, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ, ಕಾಲುನೋವೆಂದು ನಡೆಯಲು ಒಲ್ಲೆನೆನ್ನುವ ಮಗು, ಇವೆಲ್ಲ ರಕ್ತದ ಕ್ಯಾನ್ಸರಿನ ಲಕ್ಷಣಗಳೂ ಹೌದು. ಮಲೇರಿಯಾ ಅಲ್ಲ, ಡೆಂಗಿ ಅಲ್ಲ ಎಂದಾದ ಮೇಲೆ ಮೂರನೆಯ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಮಲೇರಿಯಾಕ್ಕೆಂದು ಗಾಜಿನ ಪಟ್ಟಿಯ ಮೇಲೆ ಹಚ್ಚಿದ ಅದೇ ಹನಿ ರಕ್ತದಲ್ಲಿ ಬಲಿಯದ ಬಿಳಿ ರಕ್ತಕಣಗಳು ಕಾಣಬಹುದು. ಪರಾವಲಂಬಿಯನ್ನಷ್ಟೇ ಹುಡುಕುವ ಕಣ್ಣು ಅವನ್ನು ದಾಟಿ ಹೋಗುತ್ತದೆ. ಕೀಲುನೋವೆಂದು ಯಾರಾದರೂ ಸ್ಟಿರಾಯ್ಡ್ ಕೊಟ್ಟರಂತೂ ಮಗು ಕೆಲವು ದಿನ ಗೆಲುವಾಗಿ ಓಡಾಡುತ್ತದೆ, ರೋಗ ಒಳಗೆ ಮರೆಯಾಗಿ ಕೂರುತ್ತದೆ.

ಮಕ್ಕಳ ಕ್ಯಾನ್ಸರ್ ಮಿದುಳಿಗೆ ಹರಡಿದೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾವು ಅದನ್ನು ಹಣೆಬರಹದ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಎಲ್ಲ ಮಕ್ಕಳ ವಿಷಯದಲ್ಲಿ ಇದು ನಿಜವಲ್ಲ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಲಿಂಫೋಬ್ಲಾಸ್ಟಿಕ್ ರಕ್ತಕ್ಯಾನ್ಸರ್ ಮತ್ತು ಕಣ್ಣಿನ ರೆಟಿನೋಬ್ಲಾಸ್ಟೋಮಾ, ಈ ಎರಡರಲ್ಲಾದರೂ ಮಿದುಳಿನ ದಾರಿಯನ್ನು ಮುಚ್ಚುವುದು ಹೇಗೆಂದು ವೈದ್ಯರಿಗೆ ಗೊತ್ತಾಗಿ ಅರ್ಧ ಶತಮಾನ ದಾಟಿದೆ. ದಾರಿ ತೆರೆದುಕೊಳ್ಳುವುದು ದಿನಗಳು ಕೈಜಾರಿದಾಗ. ಬೆಂಗ್ರೆಯಂಥ ಕಡೆ ಆ ದಿನಗಳು ಎಲ್ಲಿ ಕೈಜಾರುತ್ತವೆ ಎಂಬುದನ್ನು ಸಾಕಷ್ಟು ನಿಖರವಾಗಿಯೇ ತೋರಿಸಬಹುದು.

ಮೊದಲು ಆ ವಿದ್ಯೆಯ ಕಥೆ. ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ; ರಕ್ತಕ್ಕೆ ಕೊಟ್ಟ ಔಷಧಿಗಳಲ್ಲಿ ಹೆಚ್ಚಿನವು ಅದನ್ನು ದಾಟುವುದಿಲ್ಲ. ಬೆಂಗ್ರೆಯಂಥ ಮರಳು ನೆಲದಲ್ಲೂ ಸೊಂಪಾಗಿ ಹೂ ಬಿಡುವ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ರಕ್ತದಲ್ಲಿರುವ ಕ್ಯಾನ್ಸರ್ ಕಣಗಳನ್ನು ಸದೆಬಡಿಯುತ್ತದೆ, ಮಿದುಳಿನ ಹೊಸ್ತಿಲಲ್ಲಿ ಮಾತ್ರ ನಿಂತುಬಿಡುತ್ತದೆ. 1948ರಲ್ಲಿ ಬೋಸ್ಟನ್‌ನ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್‌ನಿಂದ ರಕ್ತಕ್ಯಾನ್ಸರಿನ ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಆ ಔಷಧಿ ಬಂದದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಕಟ್ಟಿದ ತಂಡದಿಂದ. ಆಮೇಲಿನ ದಶಕಗಳಲ್ಲಿ ಔಷಧಿಗಳು ಹೆಚ್ಚಿದವು, ಮಕ್ಕಳು ಹೆಚ್ಚು ದಿನ ಬದುಕತೊಡಗಿದರು. ಆದರೆ ರಕ್ತ ಶುದ್ಧವಾಗಿದ್ದ ಮಕ್ಕಳಲ್ಲೇ ರೋಗ ಮಿದುಳಿನ ಪೊರೆಯಲ್ಲಿ ಮತ್ತೆ ತಲೆಯೆತ್ತತೊಡಗಿತು. ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ 1960ರ ದಶಕದ ಕೊನೆಯಲ್ಲಿ ಮಿದುಳಿನಲ್ಲಿ ರೋಗ ಕಾಣಿಸುವವರೆಗೆ ಕಾಯಲಿಲ್ಲ. ಮೊದಲೇ ತಲೆಗೆ ವಿಕಿರಣ ಕೊಟ್ಟು, ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಮೆಥೋಟ್ರೆಕ್ಸೇಟ್ ಸೇರಿಸಿದರು. ಅದುವರೆಗೆ ಗುಣವಾಗದ ಕಾಯಿಲೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಉಳಿದರು. ವಿಕಿರಣದಿಂದ ಮಕ್ಕಳ ಕಲಿಕೆಗೂ ಬೆಳವಣಿಗೆಗೂ ಪೆಟ್ಟು ಬೀಳುತ್ತದೆಂದು ಕ್ರಮೇಣ ತಿಳಿಯಿತು. ಬೆನ್ನಿಗೆ ಕೊಡುವ ಔಷಧಿಯನ್ನು ಕಟ್ಟುನಿಟ್ಟಾಗಿ ನಡೆಸಿದರೆ ಬಹುಪಾಲು ಮಕ್ಕಳಿಗೆ ವಿಕಿರಣವೇ ಬೇಡವೆಂದು 2009ರಲ್ಲಿ ಅದೇ ಆಸ್ಪತ್ರೆಯ ತಂಡ ತೋರಿಸಿತು. ಅಂದರೆ ಮಿದುಳಿನ ರಕ್ಷಣೆಯ ಭಾರವೆಲ್ಲ ಈಗ ನಿಂತಿರುವುದು ಆ ಸೂಜಿಯ ಮೇಲೆ, ಅದನ್ನು ತಪ್ಪದೆ ಕೊಡುವ ತಾರೀಖುಗಳ ಮೇಲೆ.

ಸೂಜಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇರುವ ಹೆದರಿಕೆ ಸಣ್ಣದಲ್ಲ. ಬೆನ್ನಿನಿಂದ ನೀರು ತೆಗೆದರೆ ಕಾಲಿನ ಶಕ್ತಿ ಹೋಗುತ್ತದೆ ಎಂದು ನಂಬಿದವರು ಕರಾವಳಿಯ ಉದ್ದಕ್ಕೂ ಇದ್ದಾರೆ. ಬೆನ್ನುಹುರಿ ಮುಗಿಯುವುದಕ್ಕಿಂತ ಕೆಳಗಿನ ಜಾಗದಲ್ಲಿ ಸೂಜಿ ಹಾಕುತ್ತಾರೆ ಎಂಬ ಒಂದು ಮಾತನ್ನು ತಾಯಿಗೆ ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಕೂತು ಹೇಳಲು ಹೆಚ್ಚು ಹೊತ್ತು ಬೇಡ. ತೋಟ ಬೆಂಗ್ರೆಯ ಮನೆಗೆ ಒಂದು ಭಾಷೆ, ಕಸಬಾ ಬೆಂಗ್ರೆಯ ಮನೆಗೆ ಇನ್ನೊಂದು. ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದ ಮಾತ್ರ ಇಬ್ಬರಿಗೂ ಪರಕೀಯ.

ಹೆದರಿಕೆಗಿಂತ ದೊಡ್ಡದು ಲೆಕ್ಕದ ತೊಡಕು. ರಕ್ತಕ್ಯಾನ್ಸರಿನ ಚಿಕಿತ್ಸೆ ಎರಡು ವರ್ಷಕ್ಕೂ ಮೇಲೆ ನಡೆಯುತ್ತದೆ. ಮೊದಲ ತಿಂಗಳ ಕೊನೆಗೇ ರಕ್ತದಲ್ಲಿ ರೋಗ ಕಾಣದಾಗುತ್ತದೆ, ಕೆಲವು ತಿಂಗಳಿಗೆ ಉದುರಿದ ಕೂದಲು ಮತ್ತೆ ಚಿಗುರುತ್ತದೆ, ಮಗು ಶಾಲೆಗೆ ಹೋಗುತ್ತೇನೆಂದು ಹಟ ಹಿಡಿಯುತ್ತದೆ. ಗುಣವಾಯಿತು ಎಂದು ತಂದೆತಾಯಿಗೆ ಅನ್ನಿಸುವುದೂ ಮಿದುಳಿನ ಕಾವಲು ಅತ್ಯಗತ್ಯವಾಗುವುದೂ ಒಂದೇ ಹೊತ್ತಿಗೆ. ಇದರ ಮೇಲೆ ಬೆಂಗ್ರೆಯ ಮಳೆಗಾಲವನ್ನು ಇಟ್ಟು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಧಕ್ಕೆಯಲ್ಲಿ ಬೋಟು ಲಂಗರು ಹಾಕಿದರೆ ಮನೆಗೆ ಬರುವ ದುಡ್ಡೂ ನಿಂತಿತು. ಒಂದು ಬದಿ ಕಡಲು, ಇನ್ನೊಂದು ಬದಿ ಫಲ್ಗುಣಿ ಇರುವ ಈ ಮರಳು ದಿಬ್ಬದಿಂದ ಹಳೇ ಬಂದರಿಗೆ ದೋಣಿಯಲ್ಲಿ ಕೆಲವೇ ನಿಮಿಷ. ನೀರು ಜೋರಾದಾಗ ದೋಣಿ ನಿಲ್ಲಿಸುವುದುಂಟು, ಆಗ ತಣ್ಣೀರುಬಾವಿ, ಪಣಂಬೂರು, ಕೂಳೂರು ಸುತ್ತಿಕೊಂಡು ನಗರಕ್ಕೆ ಬರಬೇಕು. ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾದರೆ ಮುಂದೆ ಘಾಟಿ ಇದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ಸಂಚಾರ ಹಲವು ದಿನ ನಿಂತಿತ್ತು. ಶಿರಾಡಿಯಲ್ಲಿ ರಸ್ತೆ ಬಂದ್ ಆಗುವುದು ಯಾರಿಗೂ ಹೊಸದಲ್ಲ. ದುಡಿಮೆ, ದೋಣಿ, ಘಾಟಿ ಮೂರೂ ಕೈಕೊಡುವುದು ಅದೇ ಎರಡು ತಿಂಗಳಲ್ಲಿ. ಈ ಅವಧಿಯಲ್ಲಿ ತಾರೀಖು ತಪ್ಪಿಸಿಕೊಂಡ ಮಗುವಿಗೆ ಮುಂದೊಂದು ದಿನ ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ, ಎರಡೆರಡು ಕಾಣುವುದು, ಮುಖದ ಒಂದು ಬದಿ ಜೋತುಬೀಳುವುದು ಶುರುವಾದರೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿಸುವಷ್ಟರಲ್ಲಿ ಇನ್ನಷ್ಟು ದಿನ ಹೋಗಿರುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಒಳ್ಳೆಯ ಯೋಜನೆಗಳೇ. ಆದರೆ ಅವು ಆಸ್ಪತ್ರೆಯ ಬಿಲ್ಲನ್ನೂ ಟಿಕೆಟ್ಟನ್ನೂ ನೋಡುತ್ತವೆ. ತಂದೆ ಕಳೆದುಕೊಂಡ ಕೂಲಿಯನ್ನು, ಮನೆಯಲ್ಲಿ ಉಳಿದ ಇನ್ನಿಬ್ಬರು ಮಕ್ಕಳ ಊಟವನ್ನು ನೋಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಲ್ಲಿ ಪರಿಹಾರ ಹೊಸ ಯೋಜನೆಗಿಂತ ಕೆಲಸ ಹಂಚಿಕೊಳ್ಳುವುದರಲ್ಲಿದೆ. ಚಿಕಿತ್ಸೆಯ ನಕ್ಷೆಯನ್ನು ಕಿದ್ವಾಯಿ ಹಾಕಲಿ. ನಡುವಿನ ರಕ್ತ ಪರೀಕ್ಷೆ, ಬೆನ್ನಿನ ಔಷಧಿ, ಜ್ವರ ಬಂದಾಗಿನ ದಾಖಲಾತಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೋ ನಗರದ ವೈದ್ಯಕೀಯ ಕಾಲೇಜುಗಳಲ್ಲೋ ಆಗಲಿ. 1848ರಿಂದ ನಿಂತಿರುವ ವೆನ್ಲಾಕ್ ಬೆಂಗ್ರೆಯವರಿಗೆ ಹೊಳೆಯಾಚೆಯೇ ಇದೆ. ಒಂದು ಎಚ್ಚರಿಕೆ ಬೇಕು: ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನಿಗೆ ಹೋದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದ ತರಬೇತಿ ಪಡೆದ ಕೈಗಳಿಗೇ ಈ ಕೆಲಸ ವಹಿಸಬೇಕು.

ರೆಟಿನೋಬ್ಲಾಸ್ಟೋಮಾದ ಕಥೆ ಇನ್ನೂ ಸರಳ, ಅದಕ್ಕೇ ಇನ್ನೂ ಸಿಟ್ಟು ಬರಿಸುವಂಥದ್ದು. ಐದು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚಾಗಿ ಕಾಣುವ ಈ ಗಡ್ಡೆ ಕಣ್ಣಿನ ನರದ ಗುಂಟ ಮಿದುಳಿಗೆ ಹೋಗುತ್ತದೆ. ಅದಕ್ಕೂ ಮೊದಲು ಪಾಪೆಯಲ್ಲಿ ಬಿಳಿ ಹೊಳಪಾಗಿ, ಬೆಕ್ಕಿನ ಕಣ್ಣಿನಂತೆ, ತಾಯಿಗೇ ಕಾಣುತ್ತದೆ. ಮೊಬೈಲ್ ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲೂ ಕಾಣುತ್ತದೆ. ಕಣ್ಣಿನೊಳಗೆ ಇರುವಾಗಲೇ ಹಿಡಿದರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಉಳಿಯುತ್ತಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ತಪಾಸಣೆ ಮಾಡುತ್ತವೆ. ಅದರ ಮೂಲ ಪಟ್ಟಿಯ 30 ತೊಂದರೆಗಳಲ್ಲಿ ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಇದೆ, ಹಲ್ಲು ಹುಳುಕು ಇದೆ, ಕ್ಯಾನ್ಸರ್ ಇಲ್ಲ. ಪೊರೆ ನೋಡಲು ಕಣ್ಣಿಗೆ ಬಿಡುವ ಬೆಳಕಿನಲ್ಲೇ ಈ ಗಡ್ಡೆಯ ಸುಳಿವೂ ಸಿಗುತ್ತದೆ. ಬಿಳಿ ಪಾಪೆ ಕಂಡ ಮಗುವನ್ನು ಪೊರೆ ಇರಬಹುದೆಂದು ಮುಂದಿನ ಶಿಬಿರಕ್ಕೆ ಕಾಯಿಸದೆ ಅದೇ ವಾರ ಕಣ್ಣಿನ ತಜ್ಞರ ಬಳಿ ಕಳಿಸಬೇಕು ಎಂಬ ಒಂದು ಸಾಲಿನ ಆದೇಶ ಸಾಕು. ಆಮೇಲಿನ ತಡೆ ಮನೆಯೊಳಗಿನದು. ರೋಗ ಬಲಿತ ಕಣ್ಣು ತೆಗೆಯಬೇಕೆಂದರೆ ಮನೆಯವರು ಒಪ್ಪದೆ ಮಗುವನ್ನು ವಾಪಸು ಕರೆದೊಯ್ಯುತ್ತಾರೆ, ಹೆಣ್ಣು ಮಗುವಾದರೆ ಮದುವೆಯ ಮಾತೂ ಬರುತ್ತದೆ. ಕೃತಕ ಕಣ್ಣು ಹಾಕಿಸಿಕೊಂಡು ಬೆಳೆದು ದೊಡ್ಡವರಾದವರನ್ನು ಅಂಥ ಮನೆಗೆ ಭೇಟಿ ಮಾಡಿಸುವುದು ಹತ್ತು ಉಪನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡೀತು.

ಮಿದುಳಿನ ದಾರಿಯನ್ನು ಮುಚ್ಚಬಹುದೆಂಬ ಮಾತು ಎಲ್ಲ ಕ್ಯಾನ್ಸರಿಗೂ ಸಲ್ಲದು. ನ್ಯೂರೋಬ್ಲಾಸ್ಟೋಮಾದಲ್ಲಿ ಎಷ್ಟೋ ಮಕ್ಕಳಿಗೆ ರೋಗ ಗೊತ್ತಾಗುವ ಹೊತ್ತಿಗೇ ಅದು ಮೂಳೆಗಳಿಗೆ ಹರಡಿರುತ್ತದೆ. ಮರುಕಳಿಸಿದಾಗ ಕೆಲವರಲ್ಲಿ ಮಿದುಳಿಗೂ ಹೋಗುತ್ತದೆ. ಅಂಥ ಮಕ್ಕಳಿಗಾಗಿ ಮಿದುಳಿನ ದ್ರವಕ್ಕೆ ನೇರ ಕೊಡುವ ಒಂಬರ್ಟಮ್ಯಾಬ್ ಎಂಬ ಔಷಧಿಯ ಮೇಲೆ ದೊಡ್ಡ ಆಸೆ ಇತ್ತು. 2022ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಸಲಹಾ ಸಮಿತಿ, ಅದು ಆಯಸ್ಸು ಹೆಚ್ಚಿಸುತ್ತದೆ ಎನ್ನಲು ಪುರಾವೆ ಸಾಲದೆಂದು 16–0 ಮತಗಳಿಂದ ಹೇಳಿತು. ಅಷ್ಟು ಹಣ, ಅಷ್ಟು ವಿಜ್ಞಾನ ಇರುವಲ್ಲೇ ಉತ್ತರ ಸಿಗದ ಘಟ್ಟ ಇದು.

ಆ ಘಟ್ಟ ತಲುಪಿದ ಮಗುವಿಗೂ ಚಿಕಿತ್ಸೆ ಉಂಟು: ತಲೆನೋವು, ಫಿಟ್ಸ್, ವಾಂತಿ ತಡೆಯುವುದು, ನೋವಿಗೆ ಮಾರ್ಫಿನ್ ಕೊಡುವುದು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆಯ ಕೆಲಸ 2008ರ ಹೊತ್ತಿಗೆ ಕೇರಳ ಸರ್ಕಾರದ ನೀತಿಯೇ ಆಯಿತು. ಇವತ್ತು ತಲಪಾಡಿ ಗಡಿಯಾಚೆಯ ಪಂಚಾಯಿತಿಗಳ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಗಡಿಯೀಚೆ, ಮಂಗಳೂರು ಪಾಲಿಕೆಯದೇ ವಾರ್ಡ್ ಆದ ಬೆಂಗ್ರೆಯಲ್ಲಿ ಅದನ್ನು ಆರಂಭಿಸಲು ಹೊಸ ಕಟ್ಟಡ ಬೇಕಿಲ್ಲ. ನಗರ ಆರೋಗ್ಯ ಕೇಂದ್ರದ ಒಬ್ಬ ನರ್ಸ್‌ಗೆ ಕೆಲವು ವಾರಗಳ ತರಬೇತಿ, ವಾರಕ್ಕೊಮ್ಮೆ ಹೊಳೆ ದಾಟುವ ಹೊಣೆ, ಜೊತೆಗೆ ಮಾರ್ಫಿನ್ ಬರೆಯಬಲ್ಲ ವೈದ್ಯರೊಬ್ಬರ ಫೋನ್ ನಂಬರ್ ಇದ್ದರೆ ಈ ಮಳೆಗಾಲಕ್ಕೇ ಆರಂಭಿಸಬಹುದು.